ಉಚ್ಚಾಟನೆ ಮತ್ತು ಉಪಚಾರ: ‘ಮಮ್ಮಿ ಸೇವ್ ಮಿ’ ಚಿತ್ರದ ಪ್ರೇತ ಮತ್ತು ತುಳುನಾಡಿನ ಕುಲೆ

ಕನ್ನಡದ ದೆವ್ವದ ಚಿತ್ರಗಳನ್ನು ಜಾನಪದ ವಿದ್ವಾಂಸರು ಅಧ್ಯಯನಕ್ಕೆ ಎತ್ತಿಕೊಂಡದ್ದು ಕಡಿಮೆ. ಚಲನಚಿತ್ರ ವಿಮರ್ಶಕರೂ ಅವುಗಳನ್ನು ಬೆಚ್ಚಿಬೀಳಿಸುವ ಸರಕೆಂದು ಬದಿಗಿರಿಸಿದ್ದೇ ಹೆಚ್ಚು. ಪಾಡ್ದನ, ಕೋಲ, ನೇಮಗಳ ಬಗೆಗೆ ಅರ್ಧ ಶತಮಾನದಿಂದ ನಡೆದಿರುವ ಶ್ರದ್ಧೆಯ ಸಂಶೋಧನೆಯನ್ನು ನೆನೆದರೆ ಈ ಮೌನ ವಿಚಿತ್ರವಾಗಿ ತೋರುತ್ತದೆ. ಸತ್ತವರು ಬದುಕಿರುವವರ ಮನೆಗೆ ಮರಳುತ್ತಾರೆ ಎಂಬ ನಂಬಿಕೆಯನ್ನು ನಗರದ ಪ್ರೇಕ್ಷಕರ ಮುಂದೆ ಕಥೆಯಾಗಿ ಇಡುತ್ತ ಬಂದಿರುವ ಮಾಧ್ಯಮಗಳಲ್ಲಿ ಈ ಚಿತ್ರಗಳಿಗೆ ದೊಡ್ಡ ಪಾಲಿದೆ. ಅವು ಆ ನಂಬಿಕೆಯನ್ನು ಎಲ್ಲಿಂದ ತಂದವು, ತರುವಾಗ ಏನನ್ನು ಕಳೆದವು ಎಂಬುದು ಜಾನಪದ ಅಧ್ಯಯನದ ವ್ಯಾಪ್ತಿಗೇ ಸೇರಿದ ಪ್ರಶ್ನೆ.

2016ರ ಡಿಸೆಂಬರಿನಲ್ಲಿ ತೆರೆಕಂಡ, ಲೋಹಿತ್ ನಿರ್ದೇಶನದ ‘ಮಮ್ಮಿ ಸೇವ್ ಮಿ’ ಈ ವಿಚಾರಕ್ಕೆ ತಕ್ಕ ಪಠ್ಯ. ಗಂಡನನ್ನು ಕಳೆದುಕೊಂಡ ಗರ್ಭಿಣಿ ತಾಯಿ (ಪ್ರಿಯಾಂಕಾ ಉಪೇಂದ್ರ) ತನ್ನ ಪುಟ್ಟ ಮಗಳೊಡನೆ (ಯುವಿನಾ ಪಾರ್ಥವಿ) ಗೋವೆಯ ಮನೆಯೊಂದಕ್ಕೆ ಬಂದು ನೆಲೆಸುತ್ತಾಳೆ. ಮಗುವಿಗೆ ಬೊಂಬೆಯೊಂದರ ನಂಟು ಬೆಳೆಯುತ್ತದೆ. ಬೊಂಬೆಯ ಬೆನ್ನಿಗೆ ಪ್ರೇತವೊಂದು ಮನೆಯೊಳಗೆ ತನ್ನ ಇರವನ್ನು ತೋರಿಸತೊಡಗುತ್ತದೆ. ಮುಂದಿನದು ಮಗಳನ್ನು ಉಳಿಸಿಕೊಳ್ಳುವ ತಾಯಿಯ ಹೋರಾಟ. ಕಥೆಯ ಹಂದರ ಇಷ್ಟೇ. ತಾಯ್ತನದ ವಸ್ತು ನಿರ್ದೇಶಕರಿಗೆ ಪ್ರಿಯವೆಂಬುದು ಅದೇ ನಟಿಯನ್ನಿಟ್ಟುಕೊಂಡು ಅವರು 2019ರಲ್ಲಿ ಮಾಡಿದ ‘ದೇವಕಿ’ಯಿಂದಲೂ ತಿಳಿಯುತ್ತದೆ. ಅಲ್ಲಿ ದೆವ್ವವಿಲ್ಲ, ಕೋಲ್ಕತ್ತದಲ್ಲಿ ಕಾಣೆಯಾದ ಮಗಳನ್ನು ಹುಡುಕುವ ತಾಯಿ ಇದ್ದಾಳೆ.

ಅಲ್ಪ ಬಂಡವಾಳದ ದೆವ್ವದ ಚಿತ್ರ ದುಃಖತಪ್ತ ಕುಟುಂಬವನ್ನು ಮತ್ತೆ ಮತ್ತೆ ಆರಿಸಿಕೊಳ್ಳುವುದಕ್ಕೆ ಮೊದಲ ಕಾರಣ ಆರ್ಥಿಕವಾದುದು. ಒಂದೇ ಮನೆ, ನಾಲ್ಕಾರು ಪಾತ್ರಗಳು, ಹೆಚ್ಚಿನ ಭಾಗ ರಾತ್ರಿ. ತಾರೆಯರ ಸಂಭಾವನೆ, ಹೊರಾಂಗಣದ ಗುಂಪು, ಹೊಡೆದಾಟದ ದೃಶ್ಯ ಯಾವುದೂ ಬೇಡ. ಕಾಣಿಸಲಾಗದ್ದನ್ನು ಕೇಳಿಸಿದರೆ ಸಾಕಾಗುವುದರಿಂದ ಶಬ್ದವಿನ್ಯಾಸವೇ ಅರ್ಧ ಕೆಲಸ ಮಾಡುತ್ತದೆ. 2013ರ ‘6-5=2’ ಚಾರಣಿಗರ ಕೈಯ ಕ್ಯಾಮೆರಾದಲ್ಲಿ ಉಳಿದುಹೋದ ಚಿತ್ರಿಕೆಗಳೆಂಬ ನೆಪದಲ್ಲಿ ಇದೇ ಮಿತವ್ಯಯವನ್ನು ಕಾಡಿನಲ್ಲಿ ಸಾಧಿಸಿತ್ತು. ಮನೆಯೊಳಗಿನ ಕಥೆಗೆ ಇನ್ನೊಂದು ಅನುಕೂಲವಿದೆ. ಈಚೆಗೆ ಸಾವು ಕಂಡ ಮನೆಯವರು ಒಂಟಿಯಾಗಿರುವುದು, ನಿದ್ದೆಗೆಟ್ಟಿರುವುದು, ಅವರ ಮಾತನ್ನು ಬೇರೆಯವರು ನಂಬದಿರುವುದು ಯಾವುದಕ್ಕೂ ಚಿತ್ರಕಾರ ವಿವರಣೆ ಕೊಡಬೇಕಾಗಿಲ್ಲ. ದುಃಖ ಇಲ್ಲಿ ಕಥೆಗೆ ಪುಕ್ಕಟೆಯಾಗಿ ಸಿಗುವ ಬಂಡವಾಳ.

ಒಂಟಿ ತಾಯಿ, ಆವೇಶಕ್ಕೊಳಗಾದ ಮಗಳು ಎಂಬ ಜೋಡಿ 1973ರ ‘ದಿ ಎಕ್ಸಾರ್ಸಿಸ್ಟ್’ನಿಂದ ಜಗತ್ತಿನ ದೆವ್ವದ ಚಿತ್ರಗಳಿಗೆ ಪಿತ್ರಾರ್ಜಿತವಾಗಿ ಬಂದುದು. ಬೊಂಬೆಯನ್ನು 2014ರ ‘ಅನಾಬೆಲ್’ ಮನೆಮಾತಾಗಿಸಿತು. ಎರವಲನ್ನು ಆಕ್ಷೇಪಿಸುವುದರಲ್ಲಿ ಅರ್ಥವಿಲ್ಲ. ಜನಪದ ಕಥೆಗಳೂ ಹಾಗೆಯೇ ಊರೂರು ದಾಟುತ್ತವೆ. ಎರವಲು ತಂದ ಆಶಯವೊಂದು ಹೊಸ ನೆಲದಲ್ಲಿ ಯಾವ ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ ಎಂಬುದನ್ನು ಮಾತ್ರ ನೋಡಬೇಕು. ‘ಮಮ್ಮಿ ಸೇವ್ ಮಿ’ ಎದುರಿಸದೆ ಬಿಟ್ಟ ಪ್ರಶ್ನೆ ಒಂದಿದೆ. ಆ ಮನೆಯಲ್ಲಿ ಸತ್ತವನು ತಂದೆ. ಕಾಡುವ ಪ್ರೇತ ಅವನದಲ್ಲ. ಕುಟುಂಬ ಯಾರಿಗಾಗಿ ಅಳುತ್ತಿದೆಯೋ ಆ ಸತ್ತವನಿಗೂ, ಯಾರಿಗೆ ಹೆದರುತ್ತಿದೆಯೋ ಆ ಸತ್ತವರಿಗೂ ಸಂಬಂಧವಿಲ್ಲ. ತಂದೆಯ ಸಾವು ಮನೆ ಬದಲಾಯಿಸುವುದಕ್ಕೆ ಕಾರಣವನ್ನೊದಗಿಸಿ ಹಿನ್ನೆಲೆಗೆ ಸರಿಯುತ್ತದೆ.

ಈ ಬಿರುಕು ನಗರದ ಪ್ರೇಕ್ಷಕನಿಗೆ ಕಾಣದೆ ಹೋಗಬಹುದು. ಸುಳ್ಯ ತಾಲೂಕಿನ ಆಲೆಟ್ಟಿಯಂಥ ಗ್ರಾಮದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದೇ ಅದು. ಆಲೆಟ್ಟಿ ಕಾಸರಗೋಡು ಜಿಲ್ಲೆಗೆ ತಾಗಿಕೊಂಡ ಗಡಿಗ್ರಾಮ. ಈ ಸೀಮೆಯಲ್ಲಿ ಅರೆಭಾಷೆ, ತುಳು, ಮಲಯಾಳ, ಕನ್ನಡ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಇಲ್ಲಿನ ಲೋಕದೃಷ್ಟಿಯಲ್ಲಿ ಸತ್ತವರಿಗೆ ಮನೆಯಲ್ಲಿ ಗೊತ್ತಾದ ಜಾಗವಿದೆ. ಅರೆಭಾಷೆ ಗೌಡರ ಐನ್‌ಮನೆಗಳಲ್ಲಿ ಗುರುಕಾರ್ನೋರಿಗೆ, ಅಂದರೆ ಮನೆತನದ ಗತಿಸಿದ ಹಿರಿಯರಿಗೆ, ಎಲೆ ಹಾಕಿ ಬಡಿಸುವ ಪದ್ಧತಿಯಿದೆ. ಗಡಿಭಾಗದಲ್ಲಿ ನಡೆಯುವ ವಯನಾಟ್ ಕುಲವನ್ ದೈವಂಕಟ್ಟಿನಲ್ಲಿ ಆರಾಧಿತವಾಗುವ ದೈವವನ್ನು ಮಲಯಾಳ ಮಾತಾಡುವವರು ತೊಂಡಚ್ಚನ್ ಎಂದು, ಅಜ್ಜನನ್ನು ಕರೆದಂತೆ ಕರೆಯುತ್ತಾರೆ. ತುಳುವರು ಆಟಿ ತಿಂಗಳಲ್ಲಿ ‘ಕುಲೆಕ್ಕುಳೆಗ್ ಬಳಸುನಿ’ ಎಂಬ ಹೆಸರಿನಲ್ಲಿ ತೀರಿಕೊಂಡವರಿಗೆ ಬಡಿಸುತ್ತಾರೆ. ಜಾತಿ, ಭಾಷೆ, ಹೆಸರು ಬೇರೆಯಾದರೂ ಸತ್ತವರು ಊಟಕ್ಕೆ ಬರುವವರು ಎಂಬ ಗ್ರಹಿಕೆ ಒಂದೇ.

ತುಳುವರ ಬೊಜ್ಜದ ಕ್ರಿಯೆಗಳಲ್ಲಿ ‘ಉಳಯಿ ಲೆಪ್ಪುನಿ’ ಎಂಬುದೊಂದು ಹಂತವಿದೆ. ಒಳಗೆ ಕರೆಯುವುದು ಎಂದು ಅದರ ನೇರ ಅರ್ಥ. ದಹನವಾದ ಮೇಲೆ ಮನೆಯ ಹೊರಗೆ ಅಲೆಯುತ್ತದೆಂದು ನಂಬಲಾದ ಕುಲೆಯನ್ನು ಹೆಸರು ಹಿಡಿದು ಕರೆದು, ಮನೆಯೊಳಗೆ ತಂದು, ಹಿಂದೆ ತೀರಿಕೊಂಡವರ ಸಾಲಿಗೆ ಸೇರಿಸುತ್ತಾರೆ. ದೆವ್ವದ ಚಿತ್ರಗಳ ಕಥಾವಿನ್ಯಾಸವನ್ನು ಇದರ ಪಕ್ಕದಲ್ಲಿಟ್ಟರೆ ದಿಕ್ಕು ತಿರುಗುಮುರುಗಾಗಿರುವುದು ತಿಳಿಯುತ್ತದೆ. ಚಿತ್ರದಲ್ಲಿ ಪ್ರೇತ ಒಳಗೆ ಬರುವುದೇ ಆಪತ್ತು, ಹೊರಗೆ ಹೋಗುವುದೇ ಪರಿಹಾರ. ಬೊಜ್ಜದಲ್ಲಿ ಹೊರಗೆ ಉಳಿಯುವುದು ಆಪತ್ತು, ಒಳಗೆ ಬರುವುದು ಪರಿಹಾರ. ಒಂದರ ಕ್ರಮ ಉಚ್ಚಾಟನೆಯದು, ಇನ್ನೊಂದರದು ಉಪಚಾರದ್ದು. ಮನೆಯಲ್ಲಿ ಮಗು ಬೆಚ್ಚಿ ಏಳುತ್ತಿದ್ದರೆ, ಗರ್ಭಿಣಿಗೆ ದುಃಸ್ವಪ್ನಗಳು ಬೀಳುತ್ತಿದ್ದರೆ ಇಲ್ಲಿನ ಕುಟುಂಬ ಬಲಿಮೆಯವರಲ್ಲಿಗೆ ಹೋಗಿ ಪ್ರಶ್ನೆ ಇಡಿಸುತ್ತದೆ. ಅಲ್ಲಿ ಮೊದಲು ವಿಚಾರಣೆಯಾಗುವುದು ಬಂದದ್ದು ಮನೆಯದ್ದೋ ಹೊರಗಿನದ್ದೋ ಎಂಬುದು. ಈಚೆಗೆ ಗಂಡ ತೀರಿಕೊಂಡಿದ್ದಾನೆ ಎಂಬ ಸಂಗತಿ ಗೊತ್ತಾದೊಡನೆ ಅವನ ಕ್ರಿಯೆ ಸಾಂಗವಾಗಿ ನಡೆಯಿತೇ, ಹುಟ್ಟಲಿರುವ ಮಗುವಿನ ಮೇಲೆ ಅವನ ಆಸೆ ಉಳಿದಿದೆಯೇ ಎಂದು ಕೇಳದೆ ಬಲಿಮೆಯವರು ಮುಂದೆ ಸಾಗುವುದು ಕಷ್ಟ. ಲೋಹಿತ್ ಅವರ ಚಿತ್ರದ ಅತ್ಯಂತ ಶೋಕಭರಿತ ಸಾಧ್ಯತೆ ಇದೇ ಆಗಿತ್ತು. ಮಗಳನ್ನು ಕಾಡಲು ಬಂದವನು ಅವಳನ್ನು ಮುದ್ದಿಸಲು ಬಂದ ತಂದೆಯೇ ಆಗಿದ್ದರೆ ತಾಯಿ ಯಾರಿಂದ ಯಾರನ್ನು ಉಳಿಸಿಕೊಳ್ಳಬೇಕಾಗುತ್ತಿತ್ತು? ಪರಕೀಯ ಪ್ರೇತವನ್ನು ತಂದುಕೊಂಡು ಚಿತ್ರ ಈ ಇಕ್ಕಟ್ಟಿನಿಂದ ಪಾರಾಯಿತು. ಹೆದರಿಸುವುದು ಸುಲಭವಾಯಿತು, ಅಳಿಸುವುದು ಕೈತಪ್ಪಿತು.

ಬೊಂಬೆಯ ವಿಷಯದಲ್ಲಿ ಈ ಹೋಲಿಕೆ ಇನ್ನಷ್ಟು ಫಲಕೊಡುತ್ತದೆ. 2024ರ ಮೇ ತಿಂಗಳಲ್ಲಿ ಪುತ್ತೂರಿನ ಕುಟುಂಬವೊಂದು ಪತ್ರಿಕೆಗೆ ಕೊಟ್ಟ ಜಾಹೀರಾತು ನಾಡಿನಾಚೆಗೂ ಸುದ್ದಿಯಾಯಿತು. 30 ವರ್ಷಗಳ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ, ಅಷ್ಟೇ ವರ್ಷಗಳ ಹಿಂದೆ ತೀರಿಕೊಂಡ ಗಂಡಿನ ಸಂಬಂಧ ಬೇಕೆಂಬುದು ಅದರ ಒಕ್ಕಣೆ. ಜಾತಿ ಒಂದೇ ಆಗಿರಬೇಕು, ಬರಿ ಬೇರೆಯಾಗಿರಬೇಕು ಎಂಬ ನಿಯಮ ಬದುಕಿರುವವರ ವಧೂವರಾನ್ವೇಷಣೆಯಲ್ಲಿ ಇರುವಂತೆಯೇ ಅದರಲ್ಲಿತ್ತು. ಹೊರಗಿನವರು ನಕ್ಕರು. ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ಕುಲೆ ಮದಿಮೆ ಅಥವಾ ಪ್ರೇತ ಮದುವೆಯನ್ನು ಬಲ್ಲವರಿಗೆ ಜಾಹೀರಾತಿನ ಮಾರ್ಗ ಹೊಸದಾಗಿ ಕಂಡಿರಬಹುದೇ ಹೊರತು ಅದರ ಉದ್ದೇಶ ಹೊಸದಲ್ಲ. ಮನೆಯಲ್ಲಿ ಬದುಕಿರುವವರ ಮದುವೆಗೆ ತಡೆ ಬರುತ್ತದೆ, ಪ್ರಶ್ನೆ ಇಡಿಸುತ್ತಾರೆ, ಎಳೆಯ ವಯಸ್ಸಿನಲ್ಲಿ ಹೋದ ಕೂಸೊಂದು ನೆನಪಿಗೆ ಬರುತ್ತದೆ. ಹೆಣ್ಣು ಕೇಳುವುದು, ನಿಶ್ಚಯ, ದಿಬ್ಬಣ, ಧಾರೆ ಎಲ್ಲವೂ ಕ್ರಮಬದ್ಧವಾಗಿ ನಡೆಯುತ್ತವೆ. ಮಣೆಯ ಅಥವಾ ಕುರ್ಚಿಯ ಮೇಲೆ ಸೀರೆ, ರವಿಕೆ, ಬಳೆ, ಪಂಚೆ, ಶಲ್ಯಗಳನ್ನಿಟ್ಟು ಅವನ್ನೇ ವಧೂವರರೆಂದು ಭಾವಿಸಿ ಹಾರ ಹಾಕುತ್ತಾರೆ. ನೆಂಟರಿಗೆ ಊಟವಿರುತ್ತದೆ.

ಈ ಆಚರಣೆಯಲ್ಲಿ ಅಡಗಿರುವ ಕಾಲದ ಕಲ್ಪನೆಯನ್ನು ಸಂಶೋಧಕರು ಇನ್ನೂ ಸಾಕಷ್ಟು ಚರ್ಚಿಸಿಲ್ಲ. ತೊಟ್ಟಿಲಲ್ಲಿ ಹೋದ ಮಗುವಿಗೂ ವಯಸ್ಸಾಗುತ್ತದೆ. ಓರಗೆಯವರು ಬೆಳೆದಂತೆ ಅದೂ ಕಾಣದ ಕಡೆ ಬೆಳೆಯುತ್ತದೆ, ಮದುವೆಯ ವಯಸ್ಸಿಗೆ ಬರುತ್ತದೆ, ತನಗೂ ಒಂದು ಮನೆ ಬೇಕೆನ್ನುತ್ತದೆ. ತಾಯಿಯೊಬ್ಬಳು ನೆರೆಮನೆಯ ಮದುಮಗಳನ್ನು ನೋಡಿ, ತನ್ನ ಮಗಳಿದ್ದಿದ್ದರೆ ಇಷ್ಟೇ ಆಗಿರುತ್ತಿದ್ದಳು ಎಂದು ಒಳಗೊಳಗೇ ಎಣಿಸುವ ಲೆಕ್ಕವನ್ನು ಸಮುದಾಯ ಬಹಿರಂಗವಾಗಿ ಒಪ್ಪಿಕೊಳ್ಳುವ ಸಂದರ್ಭವಿದು. ದೆವ್ವದ ಚಿತ್ರದ ಮಗು ಪ್ರೇತಕ್ಕೆ ಈ ಭಾಗ್ಯವಿಲ್ಲ. ಎಷ್ಟು ವರ್ಷ ಕಳೆದರೂ ಅದು ಸತ್ತ ವಯಸ್ಸಿನಲ್ಲೇ, ಸತ್ತ ದಿನದ ಬಟ್ಟೆಯಲ್ಲೇ ನಿಂತಿರುತ್ತದೆ. ಅದರ ಭೀಕರತೆಯೂ ಇದರಿಂದಲೇ ಹುಟ್ಟುವುದು. ಬೊಂಬೆ ಆ ನಿಂತುಹೋದ ಕಾಲದ ಗುರುತು. ಕುಲೆ ಮದಿಮೆಯ ಮಣೆಯ ಮೇಲಿನ ಸೀರೆಯೂ ಒಂದರ್ಥದಲ್ಲಿ ಬೊಂಬೆಯೇ. ಸತ್ತವಳು ಇಳಿದು ಕುಳಿತುಕೊಳ್ಳಲು ಬೇಕಾದ ವಸ್ತು ಅದು. ಆದರೆ ಆ ಸೀರೆಯನ್ನು ಅಂಗಡಿಗೆ ಹೋಗಿ, ಬಣ್ಣ ನೋಡಿ, ಬೆಲೆ ಕೊಟ್ಟು ತಂದಿರುತ್ತಾರೆ.

ಮೈಮೇಲೆ ಬರುವ ಪ್ರಕ್ರಿಯೆಯ ಬಗೆಗೆ ತುಳುನಾಡಿನಲ್ಲಿ ನಡೆದ ಅಧ್ಯಯನಗಳೂ ಇಲ್ಲಿ ನೆರವಿಗೆ ಬರುತ್ತವೆ. ಪೀಟರ್ ಕ್ಲಾಸ್ 1979ರ ತಮ್ಮ ಲೇಖನದಲ್ಲಿ ಬಯಸದೆ ಎರಗುವ ಆವೇಶವನ್ನೂ, ವಿಧಿಯ ಚೌಕಟ್ಟಿನಲ್ಲಿ ಬರಮಾಡಿಕೊಳ್ಳುವ ಮಾಧ್ಯಮತ್ವವನ್ನೂ ಬೇರೆ ಮಾಡಿ ತೋರಿಸಿದರು. ಮೊದಲನೆಯದು ರೋಗದಂತೆ ಬರುತ್ತದೆ, ಎರಡನೆಯದು ಪಾತ್ರಿಯ ಕಸುಬು. ಸುಳ್ಯದಿಂದ ಉತ್ತರಕ್ಕೆ, ನಂದಳಿಕೆ, ಹಿರಿಯಡ್ಕ, ಕವತ್ತಾರು ಮೊದಲಾದ ಕಡೆಗಳಲ್ಲಿ ನಡೆಯುವ ಸಿರಿ ಜಾತ್ರೆ ಮೊದಲನೆಯದನ್ನು ಎರಡನೆಯದರ ಕಡೆಗೆ ಒಯ್ಯುವ ಮಾರ್ಗವಾಗಿದೆ. ಮನೆಯಲ್ಲಿ ವಿನಾಕಾರಣ ಅಳುವ, ನಡುಗುವ, ಮಾತು ಬಿಟ್ಟ ಹೆಂಗಸನ್ನು ಅವಳ ಮನೆಯವರೇ ಅಲ್ಲಿಗೆ ಕರೆತರುತ್ತಾರೆ. ಕುಮಾರನ ಪಾತ್ರ ವಹಿಸಿದವನು ಅವಳ ಮೈಮೇಲೆ ಬಂದವರನ್ನು ಯಾರೆಂದು ಕೇಳುತ್ತಾನೆ. ಸಿರಿಯೋ, ಸೊನ್ನೆಯೋ, ಅಬ್ಬಗೆಯೋ, ದಾರಗೆಯೋ ಎಂಬ ಉತ್ತರ ಬರುವವರೆಗೆ ಪುಸಲಾಯಿಸುವುದು, ಗದರುವುದು, ಕಾಯುವುದು ನಡೆಯುತ್ತದೆ. ಉತ್ತರ ಬಂದ ಬಳಿಕ ಅವಳು ಸಿರಿಗಳ ಬಳಗಕ್ಕೆ ಸೇರುತ್ತಾಳೆ. ಗೋಪಾಲ ನಾಯ್ಕರು ಹಾಡಿದ, ಲೌರಿ ಹಾಂಕೋ ಮತ್ತು ಸಂಗಡಿಗರು 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದ 15,683 ಸಾಲುಗಳ ಸಿರಿ ಮಹಾಕಾವ್ಯ ಈ ಬಳಗದ ಹೆಂಗಸರ ಕಥೆ. ಚೆನ್ನೆಮಣೆಯ ಆಟದಲ್ಲಿ ಹುಟ್ಟಿದ ಜಗಳದಿಂದ ಸಾಯುವ ಅವಳಿ ಹುಡುಗಿಯರ ಪ್ರಸಂಗವೂ ಅದರಲ್ಲಿದೆ. ಹೀಗೆ ಒಬ್ಬಳ ಹೆಸರಿಲ್ಲದ ಸಂಕಟಕ್ಕೆ ಮೊದಲೇ ಸಿದ್ಧವಾಗಿರುವ ಕಥೆಯೊಂದರೊಳಗೆ ಹೆಸರು ಸಿಗುತ್ತದೆ.

ದೆವ್ವದ ಚಿತ್ರಗಳಲ್ಲೂ ಪ್ರೇತ ಮಾತಾಡುವುದುಂಟು. ಆದರೆ ಆ ಮಾತು ಸಂಭಾಷಣೆಯ ಕಡೆಗೆ ಹೋಗುವುದು ಅಪರೂಪ. ಧ್ವನಿ ಬದಲಾದುದನ್ನು ಕೇಳಿ ಪ್ರೇಕ್ಷಕ ಬೆಚ್ಚಬೇಕು, ಅಷ್ಟೇ. ‘ಮಮ್ಮಿ ಸೇವ್ ಮಿ’ ಎಂಬ ಶೀರ್ಷಿಕೆಯಲ್ಲಿರುವುದೂ ಬದುಕಿರುವ ಮಗುವಿನ ಕೂಗು ಮಾತ್ರ. ಪ್ರೇತಕ್ಕೆ ಹಿಂದಿನ ಕಥೆಯೊಂದನ್ನು ಕೊಡುವುದು ಈ ಪ್ರಕಾರದ ವಾಡಿಕೆ. ಆ ಕಥೆ ಅದನ್ನು ಸೋಲಿಸುವ ಸುಳಿವಾಗಿ ಬಳಕೆಯಾಗುತ್ತದೆಯೇ ಹೊರತು, ಅದಕ್ಕೆ ಏನು ಸಲ್ಲಬೇಕು ಎಂಬ ತೀರ್ಮಾನಕ್ಕೆ ಒಯ್ಯುವುದಿಲ್ಲ. ಕೋಲದಲ್ಲಿ ದೈವದ ನುಡಿಗೆ ಎದುರು ನಿಂತು ಉತ್ತರ ಕೊಡುವ, ವಾಯಿದೆ ಕೇಳುವ, ಚೌಕಾಸಿ ಮಾಡುವ ಮನೆಯ ಯಜಮಾನ ಈ ಚಿತ್ರಗಳ ಬರವಣಿಗೆಯವರಿಗೆ ಪರಿಚಿತನಾಗಿದ್ದರೆ ಅವುಗಳ ಕೊನೆಯ ಅರ್ಧಗಂಟೆ ಬೇರೆಯದೇ ಆಗಿರುತ್ತಿತ್ತು.

ಹಾಗೆಂದು ಆಲೆಟ್ಟಿಯಿಂದ ನಂದಳಿಕೆಯವರೆಗಿನ ಆಚರಣೆಗಳಲ್ಲಿ ಬರಿಯ ಕಾರುಣ್ಯವನ್ನು ಕಾಣುವುದೂ ಏಕಮುಖವಾದೀತು. ಉಚ್ಚಾಟನೆ ಇಲ್ಲಿಯೂ ಇದೆ. ಹೊರಗಿನದ್ದೆಂದು ತೀರ್ಮಾನವಾದ ಕುಲೆಯನ್ನು ಮಂತ್ರವಾದಿಗಳಿಂದ ಬಿಡಿಸುತ್ತಾರೆ. ಸಿರಿ ಜಾತ್ರೆಯಲ್ಲಿಯೂ ಬಳಗಕ್ಕೆ ಸೇರದುದು ಬಂದರೆ ಅದನ್ನು ಕಳಿಸುವ ಕ್ರಮವುಂಟು. ಸತ್ತ ಮೇಲೂ ಜಾತಿ ಬಿಡದ ಮದುವೆಯಲ್ಲಿ ಉಪಚಾರದ ಜೊತೆಗೆ ಬೇಲಿಯೂ ಇದೆ. ಮೈಮೇಲೆ ಬರುವವರಲ್ಲಿ ಹೆಂಗಸರು ಹೆಚ್ಚು, ಪ್ರಶ್ನೆಗೆ ಅರ್ಥ ಹೇಳುವವರಲ್ಲಿ ಗಂಡಸರು ಹೆಚ್ಚು ಎಂಬುದನ್ನೂ ಮರೆಯಬಾರದು. ವೈದ್ಯರ ಬಳಿಗೆ ಕರೆದೊಯ್ಯಬೇಕಾದ ಹುಡುಗಿಯನ್ನು ವರ್ಷಗಟ್ಟಲೆ ಪ್ರಶ್ನೆಯಿಂದ ಪ್ರಶ್ನೆಗೆ ಅಲೆದಾಡಿಸುವ ಅಪಾಯವಂತೂ ಇದ್ದೇ ಇದೆ. 1894ರಿಂದ 1897ರವರೆಗೆ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟವಾದ ಎ. ಸಿ. ಬರ್ನೆಲ್ಲರ ಸಂಗ್ರಹ ಈ ಆರಾಧನೆಗೆ ಪಿಶಾಚಪೂಜೆ ಎಂಬ ಅರ್ಥದ ಶೀರ್ಷಿಕೆಯಿಟ್ಟಿತ್ತು. ಆ ಹೆಸರಿಗೆ ಉತ್ತರ ಕೊಡುವ ಭರದಲ್ಲಿ ನಂತರದ ಬರಹಗಳು ಕೆಲವೊಮ್ಮೆ ಎಲ್ಲವನ್ನೂ ಸಾಮರಸ್ಯವಾಗಿ ಚಿತ್ರಿಸಿದ್ದುಂಟು. ಹೋಲಿಕೆಗೆ ಇಲ್ಲಿ ಬೇಕಾಗಿರುವುದು ಆಚರಣೆಯ ಸೌಮ್ಯತೆಗಿಂತ ಅದರ ತರ್ಕ. ಸತ್ತವರಿಗೆ ಬದುಕಿರುವವರಿಂದ ಸಲ್ಲಬೇಕಾದ್ದು ಏನೋ ಇದೆ, ಅದನ್ನು ಕೇಳಿ ತಿಳಿಯಬಹುದು, ಕೊಟ್ಟು ತೀರಿಸಬಹುದು ಎಂಬುದು ಆ ತರ್ಕ.

ಕನ್ನಡ ಚಿತ್ರಗಳು ಈ ತರ್ಕವನ್ನು ಪೂರ್ತಿಯಾಗಿ ಅರಿಯವು ಎನ್ನುವಂತಿಲ್ಲ. ವಿಜಯ್ ನಿರ್ದೇಶನದ 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ನಾಯಕನ (ಅನಂತನಾಗ್) ಮೈಗೆ ಹೆಣ್ಣಿನ ಪ್ರೇತ ಸೇರುತ್ತದೆ. ಬಿಡುಗಡೆ ಮಂತ್ರಾಲಯದ ರಾಯರ ಅನುಗ್ರಹದಿಂದ. ಅದು ಶುದ್ಧ ಉಚ್ಚಾಟನೆಯ ಕಥೆಯಾದರೂ ಹೆಂಡತಿಯ ಪತಿಭಕ್ತಿ, ಗುರುಭಕ್ತಿಗಳ ಚೌಕಟ್ಟು ಅದಕ್ಕೆ ಮನೆತನದ ಒಂದು ಹಿನ್ನೆಲೆಯನ್ನು ಒದಗಿಸಿತ್ತು. ಮಲಯಾಳದ ‘ಮಣಿಚಿತ್ರತ್ತಾಳ್’ (1993) ಮೂಲವಾಗುಳ್ಳ ‘ಆಪ್ತಮಿತ್ರ’ (2004) ಇನ್ನೂ ಕುತೂಹಲಕರ. ಆವೇಶವನ್ನು ಮನೋರೋಗವೆಂದು ವಿವರಿಸುವ ವೈದ್ಯ ಕೊನೆಗೆ ಮಾಡುವುದು ನಾಗವಲ್ಲಿಯ ಬಯಕೆಯನ್ನು ತೀರಿಸುವ ಕೆಲಸವನ್ನೇ. ಅವಳ ಸೇಡಿಗೆ ಮನುಷ್ಯನ ಬದಲು ಪ್ರತಿಕೃತಿಯೊಂದನ್ನು ಒಪ್ಪಿಸಲಾಗುತ್ತದೆ. ವಿಜ್ಞಾನದ ಮಾತಾಡಿದ ಚಿತ್ರವೇ ವಿಧಿಯ ತರ್ಕಕ್ಕೆ ಹೆಚ್ಚು ಹತ್ತಿರವಾಯಿತು. ಸದಾನಂದ ಸುವರ್ಣರ ‘ಗುಡ್ಡದ ಭೂತ’ ಧಾರಾವಾಹಿ 1990ರ ಸುಮಾರಿಗೆ ದೂರದರ್ಶನದಲ್ಲಿ ಹಾಕಿಕೊಟ್ಟ ದಾರಿ ಬೇರೆ. ಭೂತದ ಮರೆಯಲ್ಲಿ ಮನುಷ್ಯನನ್ನು ಪತ್ತೆಮಾಡುವ ಆ ಕ್ರಮವನ್ನು ಅನೂಪ್ ಭಂಡಾರಿಯವರ ‘ರಂಗಿತರಂಗ’ (2015) ಮುಂದುವರಿಸಿತು.

‘ರಂಗಿತರಂಗ’ದ ಹಿನ್ನೆಲೆ ಸಂಗೀತ, ‘ಮಮ್ಮಿ ಸೇವ್ ಮಿ’ಯ ಸಂಗೀತ, ರಿಷಬ್ ಶೆಟ್ಟಿಯವರ ‘ಕಾಂತಾರ’ದ (2022) ಸಂಗೀತ ಮೂರೂ ಬಿ. ಅಜನೀಶ್ ಲೋಕನಾಥ್ ಅವರವು. ಕರಾವಳಿಯ ದೈವಕ್ಕೂ ಗೋವೆಯ ಪ್ರೇತಕ್ಕೂ ಧ್ವನಿ ಕಟ್ಟಿದ್ದು ಒಂದೇ ಕೈ ಎಂಬುದು ಸಂಶೋಧಕರು ಬಿಡಿಸಿ ನೋಡಬೇಕಾದ ಸಂಗತಿ. ‘ಕಾಂತಾರ’ದ ಮೂಲದಲ್ಲಿಯೂ ಶೋಕವೇ ಇದೆ. ಕೋಲದ ನಡುವೆ ಕಾಡಿನಲ್ಲಿ ಮಾಯವಾದ ತಂದೆ, ಮಗನನ್ನು ಆ ಹಾದಿಯಿಂದ ತಪ್ಪಿಸಲು ಹೆಣಗುವ ತಾಯಿ, ರಾತ್ರಿಗಳಲ್ಲಿ ಬೆಚ್ಚಿ ಏಳುವ ಮಗ. ‘ಮಮ್ಮಿ ಸೇವ್ ಮಿ’ಯ ಕುಟುಂಬದಲ್ಲಿರುವಂತೆ ತಂದೆಯಿಲ್ಲದ ಮನೆಯೇ ಅದು. ಅಲ್ಲಿ ಮಗನನ್ನು ಕಾಡುವ ಸದ್ದು ತಂದೆಯ ಹಾದಿಯಿಂದಲೇ ಬರುತ್ತದೆ. ಅವನು ಅದರಿಂದ ತಪ್ಪಿಸಿಕೊಳ್ಳುವುದಿಲ್ಲ, ಕೊನೆಗೆ ಅದಕ್ಕೆ ಮೈಕೊಡುತ್ತಾನೆ. ಚಿತ್ರದ ಅಬ್ಬರದ ಹೊಡೆದಾಟಗಳ ಬಗೆಗೆ ಎಷ್ಟೇ ತಕರಾರಿದ್ದರೂ, ಕಾಡುವವರು ನಮ್ಮವರೇ ಎಂಬ ಗುರುತು ಅದರಲ್ಲಿ ಉಳಿದಿದೆ.

ಆಲೆಟ್ಟಿಗೆ ದೂರವಲ್ಲದ ಎಣ್ಮೂರಿನಲ್ಲಿ, ಹಿಂದೆ ಸುಳ್ಯಕ್ಕೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಊರಿನಲ್ಲಿ, ಕೋಟಿ ಚೆನ್ನಯರ ಗರಡಿಯಿದೆ. ಪಾಡ್ದನದ ಪ್ರಕಾರ ಕೋಟಿ ಅಲ್ಲಿನ ಕಾಳಗದಲ್ಲಿ ಮಡಿದ. ಅಣ್ಣನ ಸಾವನ್ನು ತಾಳಲಾರದ ಚೆನ್ನಯ ಬಂಡೆಗೆ ತಲೆ ಚಚ್ಚಿ ಸತ್ತ. ಅಕಾಲದ ಸಾವು, ಅದರ ಬೆನ್ನಿಗೇ ದುಃಖದ ಭರದ ಆತ್ಮಹತ್ಯೆ: ದೆವ್ವದ ಚಿತ್ರವೊಂದಕ್ಕೆ ಇದಕ್ಕಿಂತ ಸಿದ್ಧವಾದ ಸರಕು ಸಿಗದು. ಆ ಊರಿನವರು ಇಬ್ಬರಿಗೂ ಗುಡಿ ಕಟ್ಟಿದರು, ವರ್ಷಕ್ಕೊಮ್ಮೆ ನೇಮ ಕೊಡುತ್ತಾರೆ. ನೇಮದಲ್ಲಿ ಅಣ್ಣನ ಪಾತ್ರಿಯೂ ತಮ್ಮನ ಪಾತ್ರಿಯೂ ಒಟ್ಟಿಗೇ ಅಂಗಳಕ್ಕಿಳಿಯುತ್ತಾರೆ.